ಮೈಯೆಲ್ಲ ನೋವು: ಕೆಲಸಕ್ಕೂ ಒಂದು ಅಳತೆ ಇರಲಿ

‘ಡಾಕ್ಟರ್ ಸಾಹೇಬ್ರ, ಮೈಯೆಲ್ಲಾ ನುಗ್ಗಾದಂಗ ಆಗೇತ್ರಿ. ರಾತ್ರಿ ಮಲಗಿದ್ರೂ ಮುಂಜಾನೆ ಏಳೂದ್ರಾಗ ದಣಿವು ಹಂಗೇ ಇರ್ತೈತ್ರಿ. ರಿಪೋರ್ಟ್ ನೋಡಿದ್ರ ಎಲ್ಲಾ ನಾರ್ಮಲ್ ಅಂತಾರ್ರಿ.’

ನಮ್ಮ ಭಾಗದ ವೈದ್ಯರಿಗೆಲ್ಲ ಈ ಮಾತು ಪರಿಚಿತ. ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ದುಡಿಯುವವರಿಂದಲೂ ಅವರ ಮನೆಯವರಿಂದಲೂ ಇದನ್ನು ಕೇಳುತ್ತೇವೆ. ಇದು ಹಾಸನ ಜಿಲ್ಲೆಯ ಬೇಲೂರಲ್ಲ. ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯ ಬದಿಯ ಬೇಲೂರು. ಹುಬ್ಬಳ್ಳಿಯಿಂದ ಬರುವವರು ಧಾರವಾಡದವರೆಗೆ ಸುಮಾರು 20 ಕಿ.ಮೀ. ಬಂದು, ಅಲ್ಲಿಂದ ಮತ್ತೊಂದು ವಾಹನ ಹಿಡಿಯಬೇಕು. ಎಂಟು ತಾಸು ಪಾಳಿ, ಹೋಗಿ ಬರುವ ಪ್ರಯಾಣ, ಅದರ ಹಿಂದೆ ಮುಂದೆ ಮನೆಗೆಲಸ. ಇಂಥ ದಿನಚರಿಯಲ್ಲಿ ಮೈನೋವು ಯಾರಿಗೆ ಬರುವುದಿಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ದಣಿವಿನ ನೋವು ಒಂದೆರಡು ದಿನದ ವಿಶ್ರಾಂತಿಯಿಂದ ಹೋಗುತ್ತದೆ. ತಿಂಗಳುಗಟ್ಟಲೆ ಹೋಗದ ನೋವಿನ ಮಾತೇ ಬೇರೆ.

ಏನಿದು ಫೈಬ್ರೋಮಯಾಲ್ಜಿಯಾ?

ಕುತ್ತಿಗೆ, ಭುಜ, ಬೆನ್ನು, ಸೊಂಟ, ತೊಡೆ ಹೀಗೆ ದೇಹದ ಹಲವು ಭಾಗಗಳಲ್ಲಿ ಮೂರು ತಿಂಗಳಿಗೂ ಮೀರಿ ಉಳಿಯುವ ನೋವು, ಎಷ್ಟು ಮಲಗಿದರೂ ತೀರದ ಆಯಾಸ, ಚೇತರಿಕೆ ಕೊಡದ ನಿದ್ರೆ, ಮರೆವು, ಮಬ್ಬು. ಇವೆಲ್ಲ ಒಟ್ಟಿಗೆ ಇದ್ದರೆ ವೈದ್ಯರು ಫೈಬ್ರೋಮಯಾಲ್ಜಿಯಾ ಎಂಬ ಕಾಯಿಲೆಯನ್ನು ಶಂಕಿಸುತ್ತಾರೆ. ಇದು ಗಂಡಸರಿಗೂ ಬರುತ್ತದೆ. ಆದರೆ ಹೆಂಗಸರಲ್ಲಿ ಹೆಚ್ಚು ಪತ್ತೆಯಾಗುತ್ತದೆ.

1990ರಲ್ಲಿ ಅಮೆರಿಕದ ಸಂಧಿರೋಗ ತಜ್ಞರ ಸಂಸ್ಥೆಯು ದೇಹದ 18 ನಿರ್ದಿಷ್ಟ ಜಾಗಗಳನ್ನು ಒತ್ತಿ ನೋಡಿ, 11ರಲ್ಲಿ ನೋವಿದ್ದರೆ ಈ ಕಾಯಿಲೆ ಎಂದು ಗುರುತಿಸುವ ಕ್ರಮವನ್ನು ಹೇಳಿತ್ತು. 2010ರಲ್ಲಿ ಆ ಕ್ರಮ ಬದಲಾಯಿತು. ಈಗ ನೋವು ಎಷ್ಟು ಭಾಗಗಳಿಗೆ ಹರಡಿದೆ ಎಂಬುದರ ಜೊತೆಗೆ ಆಯಾಸ, ನಿದ್ರೆ, ಮಬ್ಬುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಇದರಲ್ಲಿ ಕೀಲು ಸವೆಯುವುದಿಲ್ಲ, ಮಾಂಸಖಂಡ ಹಾಳಾಗುವುದಿಲ್ಲ. ಆದ್ದರಿಂದಲೇ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ. ತೊಂದರೆ ಇರುವುದು ನೋವಿನ ಸುದ್ದಿಯನ್ನು ಒಯ್ಯುವ ನರಮಂಡಲದಲ್ಲಿ. ಬೆಂಕಿ ಬಿದ್ದಾಗ ಮಾತ್ರ ಕೂಗಬೇಕಾದ ಕಾರ್ಖಾನೆಯ ಸೈರನ್ ಬೀಡಿಯ ಹೊಗೆಗೂ ಕೂಗತೊಡಗಿದರೆ ಹೇಗೋ ಹಾಗೆ, ಮಿದುಳು ಮತ್ತು ಬೆನ್ನುಹುರಿ ಸಣ್ಣ ಒತ್ತಡವನ್ನೂ ದೊಡ್ಡ ನೋವಾಗಿ ತೋರಿಸುತ್ತವೆ. ಬೆಂಕಿ ಇಲ್ಲ ಎಂಬುದು ನಿಜ. ಸೈರನ್ ಕೂಗುತ್ತಿದೆ ಎಂಬುದೂ ಅಷ್ಟೇ ನಿಜ. ‘ಏನೂ ಇಲ್ಲ, ಎಲ್ಲಾ ಮನಸ್ಸಿನ್ಯಾಗೈತಿ’ ಎಂದು ರೋಗಿಯನ್ನು ಗದರಿಸುವವರು ಇದನ್ನು ತಿಳಿಯಬೇಕು.

ಮೊದಲು ತಪಾಸಣೆ

ಮೈಯೆಲ್ಲ ನೋಯುವುದೆಲ್ಲ ಫೈಬ್ರೋಮಯಾಲ್ಜಿಯಾ ಅಲ್ಲ. ರಕ್ತಹೀನತೆ, ಥೈರಾಯ್ಡ್ ಕೊರತೆ, ವಿಟಮಿನ್ ಡಿ ಮತ್ತು ಬಿ12 ಕೊರತೆ, ಸಂಧಿವಾತ, ಚಿಕೂನ್‌ಗುನ್ಯಾ ಜ್ವರದ ನಂತರ ಉಳಿಯುವ ಕೀಲುನೋವು, ಕೊಲೆಸ್ಟರಾಲ್ ಇಳಿಸುವ ಕೆಲವು ಗುಳಿಗೆಗಳು ಇವೂ ಮೈನೋವಿಗೆ ಕಾರಣವಾಗುತ್ತವೆ. ಇವನ್ನು ಕೆಲವು ಸರಳ ಪರೀಕ್ಷೆಗಳಿಂದಲೂ ವಿಚಾರಣೆಯಿಂದಲೂ ಪತ್ತೆ ಹಚ್ಚಬಹುದು. ಕೀಲುಗಳು ಊದಿಕೊಂಡಿದ್ದರೆ, ಜ್ವರ ಬರುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ಕೈಕಾಲಿನ ಬಲ ಕುಗ್ಗಿದ್ದರೆ, ಮಲಮೂತ್ರದ ಹಿಡಿತ ತಪ್ಪಿದ್ದರೆ ಮುಂದೆ ಹೇಳುವ ಸಲಹೆಗಳನ್ನು ಬದಿಗಿಟ್ಟು ತಕ್ಷಣ ವೈದ್ಯರನ್ನು ಕಾಣಿರಿ.

ಒಳ್ಳೆಯ ದಿನವೇ ಬಲೆ

ಈ ಕಾಯಿಲೆಯವರು ಹೆಚ್ಚಾಗಿ ಸಿಕ್ಕಿಬೀಳುವುದು ಒಳ್ಳೆಯ ದಿನದಲ್ಲಿ. ಎದ್ದಾಗ ನೋವು ಕಡಿಮೆ ಅನಿಸುತ್ತದೆ. ನಾಲ್ಕು ದಿನದಿಂದ ಉಳಿದ ಕೆಲಸವೆಲ್ಲ ನೆನಪಿಗೆ ಬರುತ್ತದೆ. ನಳಕ್ಕೆ ನೀರು ಬಂದಿರುತ್ತದೆ. ಕೊಡ, ಡ್ರಮ್ಮು ತುಂಬುತ್ತಾರೆ. ಬಟ್ಟೆಯ ರಾಶಿ ಒಗೆಯುತ್ತಾರೆ. ನಿಂತಲ್ಲೇ ಇಪ್ಪತ್ತು ರೊಟ್ಟಿ ಬಡಿಯುತ್ತಾರೆ. ಸಂಜೆಗೆ ‘ಇವತ್ತರ ಎಲ್ಲಾ ಮುಗೀತು’ ಎಂಬ ಸಮಾಧಾನ. ಮರುದಿನ ಏಳಲಾಗುವುದಿಲ್ಲ. ಆಮೇಲೆ ಎರಡು ಮೂರು ದಿನ ಹಾಸಿಗೆ. ಕೆಲಸ ಮತ್ತೆ ಗುಡ್ಡೆ ಬೀಳುತ್ತದೆ. ನೋವು ಇಳಿದ ದಿನ ಮತ್ತೆ ಅದೇ ಆಟ.

ಹೀಗೆ ಏರಿಳಿತ ನಡೆಯುತ್ತಾ ಹೋದರೆ ಸ್ನಾಯುಗಳ ಕಸುವು ಇಳಿಯುತ್ತದೆ, ಮೊದಲು ಮಾಡುತ್ತಿದ್ದಷ್ಟು ಕೆಲಸಕ್ಕೂ ನೋವು ಬರತೊಡಗುತ್ತದೆ. ನೋಡುವವರಿಗೆ ಮಾತ್ರ ಅನುಮಾನ: ‘ನಿನ್ನೆ ಅಷ್ಟೆಲ್ಲಾ ಮಾಡಿದಾಕಿ, ಇವತ್ತ ಯಾಕ ಮಲಗ್ಯಾಳ?’ ಅತ್ತೆಗಾಗಲಿ, ಗಂಡನಿಗಾಗಲಿ, ಕಾರ್ಖಾನೆಯ ಸೂಪರ್‌ವೈಸರರಿಗಾಗಲಿ ಇದು ಸೋಗಿನಂತೆ ಕಾಣುತ್ತದೆ. ಸಂಬಳ ಕಡಿತ, ಮನೆಯಲ್ಲಿ ಮನಸ್ತಾಪ, ಕೊನೆಗೆ ಕೆಲಸವನ್ನೇ ಬಿಡುವ ಯೋಚನೆ. ಹಲವರು ನೋವಿಗಿಂತ ಹೆಚ್ಚಾಗಿ ಈ ಅನುಮಾನಕ್ಕೆ ಸೋಲುತ್ತಾರೆ.

ನಿಮ್ಮ ಅಳತೆ ಎಷ್ಟು?

ಈ ಚಕ್ರದಿಂದ ಹೊರಬರುವ ದಾರಿ ಎಂದರೆ ಕೆಲಸಕ್ಕೆ ಮೊದಲೇ ಅಳತೆ ಹಾಕಿಕೊಳ್ಳುವುದು. ನೋವು ಬಂದಾಗ ನಿಲ್ಲಿಸುವುದಲ್ಲ, ನೋವು ಬರುವ ಮುನ್ನವೇ ಗಡಿಯಾರ ನೋಡಿ ನಿಲ್ಲಿಸುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ ದೀರ್ಘಕಾಲದ ನೋವಿನ ಬಗ್ಗೆ 1976ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ವಿಚಾರಕ್ಕೆ ತಳಹದಿ ಹಾಕಿದರು.

ಒಂದು ವಾರ ಚೀಟಿಯಲ್ಲಿ ಬರೆದಿಡಿ. ಒಲೆಯ ಮುಂದೆ ಎಷ್ಟು ನಿಮಿಷ ನಿಂತಾಗ ನೋವು ಏರಿತು? ಒಂದು ದಿನ 20 ನಿಮಿಷ, ಇನ್ನೊಂದು ದಿನ 10, ಮತ್ತೊಂದು ದಿನ 15 ಎಂದಿಟ್ಟುಕೊಳ್ಳಿ. ಸರಾಸರಿ 15. ಅದರಲ್ಲಿ ಐದನೆಯ ಒಂದು ಭಾಗ ಕಳೆಯಿರಿ. ಉಳಿದದ್ದು 12 ನಿಮಿಷ. ಅದು ನಿಮ್ಮ ಅಳತೆ. 12 ನಿಮಿಷ ನಿಂತ ಮೇಲೆ, ನೋವು ಇರಲಿ ಬಿಡಲಿ, ಐದು ನಿಮಿಷ ಕುಳಿತುಕೊಳ್ಳಿ. ಒಳ್ಳೆಯ ದಿನವೂ 12 ನಿಮಿಷವೇ. ಸ್ವಲ್ಪ ನೋವಿರುವ ದಿನವೂ ಸಾಧ್ಯವಾದರೆ 12 ನಿಮಿಷವೇ. ಒಳ್ಳೆಯ ದಿನ ನಿಲ್ಲಿಸುವುದೇ ಇದರಲ್ಲಿ ಕಷ್ಟದ ಪಾಠ.

ಎರಡು ವಾರ ಹೀಗೆ ನಡೆದು ನೋವು ಏರದಿದ್ದರೆ 12ನ್ನು 13 ಅಥವಾ 14 ಮಾಡಿ. ಅವಸರ ಬೇಡ. ನಡಿಗೆ, ಕುಳಿತು ಮಾಡುವ ಕೆಲಸ, ಭಾರ ಎತ್ತುವುದು ಎಲ್ಲಕ್ಕೂ ಹೀಗೆಯೇ ಬೇರೆ ಬೇರೆ ಅಳತೆ ಹಾಕಬಹುದು.

ಮನೆಯಲ್ಲಿ

ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ಪಾತ್ರೆ ತಿಕ್ಕುವುದು ಮೂರೂ ಭುಜಕ್ಕೆ ಭಾರ. ಒಂದರ ಬೆನ್ನಿಗೆ ಒಂದು ಮಾಡಬೇಡಿ. ನಡುವೆ ಕುಳಿತು ಸೊಪ್ಪು ಸೋಸುವಂಥ ಹಗುರ ಕೆಲಸ ಇಟ್ಟುಕೊಳ್ಳಿ. ನಮ್ಮ ಕಡೆ ಕಟಕ ರೊಟ್ಟಿ ಹಲವು ದಿನ ಇರುತ್ತದೆ. ದಿನಕ್ಕೆ ಆರೆಂಟರಂತೆ ಮಾಡಿಟ್ಟರೆ ಒಂದೇ ದಿನದ ಹೊರೆ ತಪ್ಪುತ್ತದೆ. ತುಂಬಿದ ಕೊಡ ಒಂದು ಎತ್ತುವ ಬದಲು ಅರ್ಧ ತುಂಬಿದ್ದನ್ನು ಎರಡು ಸಲ ಒಯ್ಯಿರಿ. ಬಟ್ಟೆಯನ್ನು ವಾರಕ್ಕೊಮ್ಮೆ ರಾಶಿ ಹಾಕದೆ ದಿನಕ್ಕಿಷ್ಟು ಒಗೆಯಿರಿ.

ಹಬ್ಬದ ಮುಂಚಿನ ವಾರ ಎಚ್ಚರಿಕೆ ಬೇಕು. ದಸರೆಗೆ ಮುನ್ನ ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆಯುವುದು, ಪಂಚಮಿಗೆ ಉಂಡಿ ಕಟ್ಟುವುದು ಒಬ್ಬರ ಮೈಮೇಲೆ ಬಿದ್ದರೆ ಹಬ್ಬದ ದಿನ ಅವರು ಹಾಸಿಗೆ ಹಿಡಿಯುವುದು ಖಂಡಿತ. ಎರಡು ವಾರ ಮೊದಲೇ ಶುರು ಮಾಡಿ, ಹಂಚಿಕೊಳ್ಳಿ. ಒದ್ದೆಯಾದ ಕಂಬಳಿ ಹಿಂಡುವುದು ಗಂಡಸರಿಗೂ ಬರುವ ಕೆಲಸವೇ.

ಕಾರ್ಖಾನೆಯಲ್ಲಿ

ಯಂತ್ರದ ಮುಂದೆ ನಿಂತವರು ತಮಗೆ ಬೇಕಾದಾಗ ಕೂರಲಾರರು. ಆದರೂ ಕೆಲವು ಸಾಧ್ಯತೆಗಳಿವೆ. ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಭುಜ ಇಳಿಬಿಟ್ಟು ಕುತ್ತಿಗೆ, ಬೆರಳುಗಳನ್ನು ಸಡಿಲಿಸಿ. ಒಂದೇ ಕಾಲಿನ ಮೇಲೆ ಭಾರ ಹಾಕದೆ, ಗಿಡ್ಡ ಮಣೆಯ ಮೇಲೆ ಒಂದೊಂದು ಪಾದವನ್ನು ಸರದಿಯಂತೆ ಇರಿಸಿ. ಪ್ಯಾಕಿಂಗ್ ಮತ್ತು ಲೇಬಲ್ ಹಚ್ಚುವಂಥ ಕೆಲಸಗಳನ್ನು ಜೊತೆಗಾರರೊಡನೆ ಅದಲು ಬದಲು ಮಾಡಿಕೊಳ್ಳಲು ಅನುಮತಿ ಕೇಳಿ. ಬಾಯಿಮಾತಿಗಿಂತ ವೈದ್ಯರ ಚೀಟಿಗೆ ತೂಕ ಹೆಚ್ಚು. ಕಾಯಿಲೆಯ ಹೆಸರು, ಬೇಕಾದ ಸೌಲಭ್ಯ, ಎಷ್ಟು ದಿನಕ್ಕೆ ಎಂಬುದನ್ನು ಅದರಲ್ಲಿ ಬರೆಸಿಕೊಳ್ಳಿ. ಇಎಸ್‌ಐ ಸೌಲಭ್ಯ ಇರುವವರಿಗೆ, ನಿಯಮಗಳಿಗೆ ಒಳಪಟ್ಟು, ವರ್ಷದಲ್ಲಿ 91 ದಿನಗಳವರೆಗೆ ವೇತನದ ಶೇಕಡ 70ರಷ್ಟು ಅನಾರೋಗ್ಯ ಭತ್ಯೆಯೂ ದೊರೆಯುತ್ತದೆ.

ರಾತ್ರಿ ಪಾಳಿಯ ಬಗ್ಗೆ ಒಂದು ಮಾತು. 1975ರಲ್ಲಿ ಕೆನಡಾದ ಹಾರ್ವೆ ಮೊಲ್ಡೋಫ್‌ಸ್ಕಿ ಮತ್ತು ಸಂಗಡಿಗರು ಆರೋಗ್ಯವಂತರ ಗಾಢ ನಿದ್ರೆಗೆ ಭಂಗ ತಂದು ನೋಡಿದಾಗ ಅವರಲ್ಲೂ ಮೈನೋವು, ಆಯಾಸ ಕಾಣಿಸಿಕೊಂಡವು. ಆದ್ದರಿಂದ ಪದೇ ಪದೇ ಪಾಳಿ ಬದಲಾಗದಂತೆ ಕೇಳಿಕೊಳ್ಳುವುದು ಸೋಮಾರಿತನವಲ್ಲ. ರಾತ್ರಿ ದುಡಿದು ಬಂದವರು ಹಗಲು ಮಲಗುವಾಗ ಕಿಟಕಿಗೆ ದಪ್ಪ ಪರದೆ ಇರಲಿ, ಮನೆಯಲ್ಲಿ ಟಿ.ವಿ. ಸದ್ದು ತಗ್ಗಲಿ.

ವಿಶ್ರಾಂತಿಯೇ ಮದ್ದಲ್ಲ

ಅಳತೆ ಹಾಕುವುದು ಎಂದರೆ ಮಲಗಿಬಿಡುವುದು ಎಂದು ತಿಳಿಯಬೇಡಿ. ಯುರೋಪಿನ ಸಂಧಿರೋಗ ತಜ್ಞರ ಒಕ್ಕೂಟ 2016ರಲ್ಲಿ ಹೊರತಂದ ಶಿಫಾರಸುಗಳಲ್ಲಿ ಬಲವಾದ ಬೆಂಬಲ ಸಿಕ್ಕಿದ್ದು ವ್ಯಾಯಾಮಕ್ಕೆ ಮಾತ್ರ. ಅಳತೆ ಹಾಕಿ ದುಡಿಯುವುದರಿಂದ ಕಾಯಿಲೆ ವಾಸಿಯಾಗದು. ವ್ಯಾಯಾಮಕ್ಕೆ ಬೇಕಾದ ಶಕ್ತಿ ಉಳಿಯುವಂತೆ ಅದು ನೋಡಿಕೊಳ್ಳುತ್ತದೆ. ಐದು ನಿಮಿಷದ ನಡಿಗೆಯಿಂದ ಆರಂಭಿಸಿ, ವಾರಕ್ಕೆ ಒಂದೋ ಎರಡೋ ನಿಮಿಷ ಹೆಚ್ಚಿಸಿ. ಶ್ರಮಪಟ್ಟ ಮರುದಿನ ಪ್ರತಿಸಲವೂ ಜ್ವರ ಬಂದವರಂತೆ ಕುಸಿಯುವವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು. ಅವರ ಕಾಯಿಲೆ ಬೇರೆ ಇರಬಹುದು.

ಔಷಧಿಗಳಲ್ಲಿ ಅಮಿಟ್ರಿಪ್ಟಿಲಿನ್, ಡ್ಯುಲೋಕ್ಸೆಟಿನ್, ಪ್ರಿಗ್ಯಾಬಲಿನ್ ಕೆಲವರಿಗೆ ನೆರವಾಗುತ್ತವೆ. ವೈದ್ಯರು ಹೇಳಿದಂತೆಯೇ ಸೇವಿಸಬೇಕು, ತಾವಾಗಿ ಒಮ್ಮೆಲೇ ನಿಲ್ಲಿಸಬಾರದು. ಇವುಗಳಲ್ಲಿ ಕೆಲವು ಮಂಪರು ತರುವುದರಿಂದ ಯಂತ್ರ ನಡೆಸುವವರೂ ಬೈಕ್ ಓಡಿಸುವವರೂ ಜಾಗ್ರತೆ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಗುಳಿಗೆ, ಸ್ಟೆರಾಯ್ಡ್ ಈ ಕಾಯಿಲೆಗೆ ಹೇಳಿದ ಮದ್ದಲ್ಲ. ದಿನವೂ ನುಂಗಿದರೆ ಮೂತ್ರಪಿಂಡ, ಜಠರ, ಮೂಳೆಗಳಿಗೆ ಕುತ್ತು.

ನೋವು ಕೆರಳಿದ ದಿನ

ಎಷ್ಟು ಎಚ್ಚರ ವಹಿಸಿದರೂ ನೋವು ಕೆರಳುವ ದಿನ ಬರುತ್ತದೆ. ಅಂದು ಕೆಲಸವನ್ನು ಪೂರ್ತಿ ಬಿಡದೆ ಅರ್ಧಕ್ಕೆ ಇಳಿಸಿ. ಬಿಸಿನೀರಿನ ಸ್ನಾನ, ಮನೆಯೊಳಗೇ ನಾಲ್ಕು ಹೆಜ್ಜೆ, ಬೇಗ ಹಾಸಿಗೆ. ಎರಡು ಮೂರು ದಿನದಲ್ಲಿ ಹಳೆಯ ಅಳತೆಗೆ ಮರಳಿ. ಕಳೆದ ದಿನಗಳ ಕೆಲಸವನ್ನು ಒಂದೇ ದಿನ ತೀರಿಸಲು ಹೋಗಬೇಡಿ. ನೋವು, ನಿರಾಶೆಯಿಂದ ಬದುಕೇ ಬೇಡ ಎನಿಸಿದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ. ಮಾನಸಿಕ ನೆರವಿಗಾಗಿ ಧಾರವಾಡದಲ್ಲಿ ಡಿಮ್ಹಾನ್ಸ್ ಆಸ್ಪತ್ರೆ ಇದೆ.

ಮನೆಯವರಿಗೆ ಕೊನೆಯದಾಗಿ ಒಂದು ವಿನಂತಿ. 12 ನಿಮಿಷಕ್ಕೆ ಸರಿಯಾಗಿ ಸೊಸೆಯೋ ಹೆಂಡತಿಯೋ ಮಗನೋ ಕೆಲಸ ಬಿಟ್ಟು ಕುಳಿತರೆ ‘ಯಾಕ ಕುಂತಿ?’ ಎಂದು ಕೇಳಬೇಡಿ. ಅವರು ಕುಳಿತಿರುವುದು ನಾಳೆಯೂ ಕೆಲಸ ಮಾಡಲೆಂದು. ಉಳಿದ ರೊಟ್ಟಿಯ ಹಿಟ್ಟನ್ನು ಅಷ್ಟರಲ್ಲಿ ನೀವೇ ನಾದಿಡಿ.