ಸಾರು ಬಿಸಿಯಾಗುವಾಗ ವೈಫೈ ಯಾಕೆ ಮುನಿಸಿಕೊಳ್ಳುತ್ತೆ?

ಮನೆಯ ವೈಫೈ ದಿನಾ ಒಂದೇ ಹೊತ್ತಿಗೆ ಕೈಕೊಡ್ತಿದ್ಯಾ? ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಜಗಳ ಆಡೋಕೆ ಮೊದಲು, ಆ ಹೊತ್ತಿಗೆ ಅಡುಗೆಮನೆಯಲ್ಲಿ ಏನು ನಡೀತಿದೆ ಅಂತ ನೋಡಿ.

ಮೈಕ್ರೋವೇವ್ ಓವನ್ ಒಳಗಿರುವ ಮ್ಯಾಗ್ನೆಟ್ರಾನ್ ಸುಮಾರು 2450 ಮೆಗಾಹರ್ಟ್ಸ್ ಅಲೆಗಳಿಂದ ಅನ್ನ, ಸಾರು ಬಿಸಿ ಮಾಡುತ್ತೆ. 2.4 ಗಿಗಾಹರ್ಟ್ಸ್ ವೈಫೈ, ಬ್ಲೂಟೂತ್, ಸ್ಮಾರ್ಟ್ ಬಲ್ಬುಗಳ ಜಿಗ್‌ಬೀ ಎಲ್ಲವೂ ಓಡಾಡೋದು ಅದೇ ಓಣಿಯಲ್ಲಿ, 2400ರಿಂದ 2483.5ರ ಒಳಗೆ. ಲೈಸೆನ್ಸ್ ಬೇಡದ ಓಣಿ, ಅದಕ್ಕೇ ಇಷ್ಟು ನೂಕುನುಗ್ಗಲು. ಓವನ್ ಒಳಗಿನ ಶಕ್ತಿ 700 ವ್ಯಾಟ್, ಕೆಲವದರಲ್ಲಿ ಇನ್ನೂ ಹೆಚ್ಚು. ರೂಟರ್ ಹೊರಗೆ ಬಿಡೋದು ಒಂದು ವ್ಯಾಟ್‌ನ ಹತ್ತನೇ ಒಂದು ಭಾಗದ ಆಸುಪಾಸು. ಬಾಗಿಲ ಸಂದಿಯಿಂದ ಚೂರೇ ಚೂರು ಸೋರಿದರೂ ಸಾಕು, ಜಾತ್ರೆಯ ಮೈಕಿನ ಪಕ್ಕ ಪಿಸುಗುಟ್ಟಿದ ಹಾಗಾಗುತ್ತೆ. ಅಮ್ಮ ಹೆದರುವ ಹಾಗೆ ಇದು ಕ್ಯಾನ್ಸರ್ ತರುವ ಕಿರಣ ಅಲ್ಲ. ಬಾಗಿಲು ಸರಿಯಾಗಿ ಮುಚ್ಚುವ ಓವನ್‌ನ ಸೋರಿಕೆ ಮೈಗೆ ಲೆಕ್ಕಕ್ಕಿಲ್ಲ, ವೈಫೈಗೆ ಮಾತ್ರ ಲೆಕ್ಕ.

ಆಸ್ಟ್ರೇಲಿಯಾದ ಪಾರ್ಕ್ಸ್‌ನಲ್ಲಿರುವ 64 ಮೀಟರ್ ಅಗಲದ ರೇಡಿಯೋ ದೂರದರ್ಶಕದಲ್ಲಿ 1998ರಿಂದಲೂ ಆಗಾಗ ವಿಚಿತ್ರ ಸಂಕೇತಗಳು ದಾಖಲಾಗಿದ್ದವು. 2015ರಲ್ಲಿ ಕಾರಣ ಗೊತ್ತಾಯ್ತು. ಟೈಮರ್ ಮುಗಿಯೋ ಮೊದಲೇ ಯಾರೋ ಅಲ್ಲಿನ ಓವನ್ ಬಾಗಿಲು ಎಳೀತಿದ್ರು!

ನಮ್ಮ ಮನೆಯ ಕಥೆ ಅಷ್ಟು ತಮಾಷೆಯದಲ್ಲ. ಎಂಬತ್ತು ದಾಟಿದ ಅಜ್ಜಿಯ ಮಂಚದ ಪಕ್ಕ ಒಂದು ವೈಫೈ ಬಟನ್ ಇದೆ. ಒತ್ತಿದರೆ ಎಲ್ಲರ ಫೋನ್ ಬಡಿದುಕೊಳ್ಳಬೇಕು. ಒಂದು ಸಂಜೆ ಅವರು ಮೂರು ಸಲ ಒತ್ತಿದರೂ ಯಾರ ಫೋನೂ ಸದ್ದು ಮಾಡಲಿಲ್ಲ. "ನಿನ್ನ ಗುಂಡಿ ಕೆಟ್ಟೋಗಿದೆ ಕಣೋ" ಅಂದ್ರು ಆಮೇಲೆ. ಕುಡಿಯೋಕೆ ನೀರು ಬೇಕಿತ್ತಂತೆ, ಅಷ್ಟೇ. ಬಿದ್ದಿದ್ದರೆ?

ಗುಂಡಿ ಕೆಟ್ಟಿರಲಿಲ್ಲ. ಇಂಟರ್ನೆಟ್ ಹಾಕಲು ಬಂದವರು ಪ್ಲಗ್ ಪಾಯಿಂಟ್ ಇದೆ ಅಂತ ಅಡುಗೆಮನೆ ಫ್ರಿಜ್‌ನ ಮೇಲೆ, ಓವನ್ ಪಕ್ಕದಲ್ಲೇ ರೂಟರ್ ಕೂರಿಸಿ ಹೋಗಿದ್ದರು. ಇಷ್ಟು ದಿನ ಯಾರಿಗೂ ಅನುಮಾನ ಬಾರದ್ದಕ್ಕೂ ಕಾರಣ ಇದೆ. ಇನ್ವರ್ಟರ್ ಇಲ್ಲದ ಓವನ್ ನಮ್ಮ 50 ಹರ್ಟ್ಸ್ ಕರೆಂಟಿನ ಜೊತೆ ಸೆಕೆಂಡಿಗೆ 50 ಸಲ ಉರಿದು ಆರುತ್ತೆ. ಆರಿದ ಆ ಕೆಲವು ಮಿಲಿಸೆಕೆಂಡುಗಳಲ್ಲಿ ಫೋನು, ಲ್ಯಾಪ್‌ಟಾಪು ಮತ್ತೆ ಮತ್ತೆ ಪ್ರಯತ್ನಿಸಿ ಹೇಗೋ ನುಸುಳಿಕೊಳ್ಳುತ್ತವೆ. ನೆಟ್ ಸ್ವಲ್ಪ ಸ್ಲೋ ಅಂತ ನಾವು ಸುಮ್ಮನಾಗ್ತೀವಿ. ಬ್ಯಾಟರಿ ಉಳಿಸಬೇಕಾದ ಪುಟ್ಟ ಬಟನ್‌ಗೆ ಅಷ್ಟು ತಾಳ್ಮೆ ಇರಲ್ಲ. ನಾಲ್ಕು ಸಲ ಕೂಗಿ ಮಲಗಿಬಿಡುತ್ತೆ.

ರೂಟರನ್ನು ಹಾಲ್‌ಗೆ ತಂದೆ, ಅರ್ಧ ಸಮಸ್ಯೆ ಹೋಯ್ತು. ಕ್ಯಾಮೆರಾ, ಟಿವಿ, ಫೋನ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಹಾಕಿದೆ. ಅದು ಗೋಡೆ ದಾಟೋದು ಕಷ್ಟ, ಆದರೆ ಓವನ್ ಕಾಟ ಇಲ್ಲ. ಅಗ್ಗದ ಬಲ್ಬು, ಪ್ಲಗ್ಗು, ಬಟನ್ನುಗಳಲ್ಲಿ ಬಹುತೇಕಕ್ಕೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ. ಅವಕ್ಕಾಗಿ ರೂಟರ್ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ 1 ಆರಿಸಿದೆ. ಅದರ ನಡುಬಿಂದು 2412, ಓವನ್ ಗಲಾಟೆಯಿಂದ ತುಸು ದೂರ. ಅಂದಹಾಗೆ, ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಕೂಡ ಇದೇ ಬ್ಯಾಂಡಿನಲ್ಲಿ ಸದ್ದು ಮಾಡುತ್ತೆ. ರೂಟರಿಗೆ ಒತ್ತಿಕೊಂಡು ಇಟ್ಟಿದ್ದರೆ ದೂರ ಸರಿಸಿ.

ಇಷ್ಟೆಲ್ಲ ಮಾಡಿಯೂ ಎಲೆಕ್ಟ್ರಿಷಿಯನ್‌ನ ಕರೆಸಿ ಅಜ್ಜಿ ಮಂಚದಿಂದ ಹಾಲ್‌ವರೆಗೆ ವೈರ್ ಎಳೆಸಿ ಮಾಮೂಲಿ ಕಾಲಿಂಗ್ ಬೆಲ್ ಹಾಕಿಸಿದೆ. ಸ್ಮಾರ್ಟ್ ಬಟನ್ ಈಗ ನಾವು ಆಫೀಸಿನಲ್ಲಿದ್ದಾಗ ಮಾತ್ರ.

ನಿಮ್ಮ ಮನೆಯಲ್ಲೂ ಹಿರಿಯರಿಗೆ ಇಂಥ ಬಟನ್ ಕೊಟ್ಟಿದ್ದರೆ, ಓವನ್‌ನಲ್ಲಿ ಗಾಜಿನ ಲೋಟದಲ್ಲಿ ನೀರಿಟ್ಟು (ಸ್ಟೀಲ್ ಲೋಟ ಅಲ್ಲ, ಮತ್ತೆ!) ಒಂದು ನಿಮಿಷ ಓಡಿಸಿ, ಆಗಲೇ ಬಟನ್ ಒತ್ತಿ ನೋಡಿ. ಹೊಸದು ಕೊಳ್ಳುವವರು ಅಂಗಡಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಿ: ಸಂದೇಶ ತಲುಪದೇ ಹೋದರೆ ಅದು ಒತ್ತಿದವರಿಗೆ ಗೊತ್ತಾಗುವ ಹಾಗೆ ಲೈಟೋ ಸದ್ದೋ ಏನಾದರೂ ಇದ್ಯಾ?