ಹೆಸರು ಕರೆಯದೆ ಉಳಿದ ಮಕ್ಕಳು

ಸಂಜೆ ಶಾಲೆಯಿಂದ ಬಂದ ಮಗಳು ಚೀಲವನ್ನು ಮೂಲೆಗೆಸೆದು ಚಹಾ ಕೂಡಾ ಕುಡಿಯದೆ ಮಲಗಿಬಿಡುತ್ತಾಳೆ. ಬಹಳ ಒತ್ತಾಯಿಸಿದ ಮೇಲೆ, "ಉಮ್ಮಾ, ಥ್ರೋಬಾಲ್ ತಂಡಕ್ಕೆ ನನ್ನನ್ನು ತೆಗೆದುಕೊಳ್ಳಲಿಲ್ಲ" ಎನ್ನುತ್ತಾಳೆ. ಆಗ ನೀವೇನು ಹೇಳುತ್ತೀರಿ? "ಹೋಗಲಿ ಬಿಡು, ಹೆಣ್ಣು ಮಕ್ಕಳಿಗೇಕೆ ಆಟ? ಓದಿನ ಕಡೆ ಗಮನ ಕೊಡು" ಎಂದೇ? ಮಾತು ಅಲ್ಲಿಗೆ ಮುಗಿಯುತ್ತದೆ, ನಿಜ. ಅವಳ ಆಟವೂ ಅಲ್ಲಿಗೇ ಮುಗಿಯುತ್ತದೆ.

ಆಯ್ಕೆಯೇ ತಪ್ಪೆಂದು ನಾನು ಹೇಳಲಾರೆ. ಕ್ರೀಡಾಕೂಟಕ್ಕೆ ಕಬಡ್ಡಿ ತಂಡ ಕಳುಹಿಸುವ ಶಾಲೆ 12 ಮಂದಿಯನ್ನು ಆರಿಸಲೇಬೇಕು. ಅಂಕಣಕ್ಕಿಳಿಯುವವರು 7 ಮಂದಿ ಮಾತ್ರ. ಪ್ರತಿಭಾ ಕಾರಂಜಿಯ ಕಂಠಪಾಠಕ್ಕೋ ಅರೇಬಿಕ್ ಧಾರ್ಮಿಕ ಪಠಣಕ್ಕೋ ಇಡೀ ತರಗತಿಯನ್ನು ಕಳುಹಿಸಲಾಗದು. ಆದರೆ ಹೆಸರು ಓದಿದ ಮರುದಿನದಿಂದ ಮೈದಾನವೂ ಆ 12 ಮಂದಿಯದ್ದೇ ಆಗಿಬಿಡುವುದೇಕೆ? ಚೆಂಡು ಅವರ ಕೈಗೆ, ಶಿಕ್ಷಕರ ಗಮನ ಅವರ ಮೇಲೆ. ಉಳಿದವರು ಚಪ್ಪಾಳೆ ತಟ್ಟಲು.

ಆರು, ಏಳನೇ ತರಗತಿಯ ಪ್ರಾಯವೇ ಒಂದು ವಿಚಿತ್ರ ಪ್ರಾಯ. ಹೆಣ್ಣು ಮಕ್ಕಳು ಸಾಮಾನ್ಯವಾಗಿ 10ರಿಂದ 13ರೊಳಗೆ ಸರಸರನೆ ಎತ್ತರವಾಗುತ್ತಾರೆ. ಗಂಡು ಮಕ್ಕಳಲ್ಲಿ ಇದು ಸುಮಾರು 2 ವರ್ಷ ತಡ. ಒಂದೇ ಬೆಂಚಿನಲ್ಲಿ ಕೂರುವ ಇಬ್ಬರಲ್ಲಿ ಒಬ್ಬಳು ತಾಯಿಯ ಎತ್ತರಕ್ಕೆ ಬಂದಿರುತ್ತಾಳೆ, ಇನ್ನೊಬ್ಬಳು ಇನ್ನೂ ಪುಟ್ಟ ಹುಡುಗಿ. ಶಿಕ್ಷಕರು ಆಟ ನೋಡಿ ಆರಿಸಿದರೆಂದು ನಾವು ಭಾವಿಸುತ್ತೇವೆ. ಅನೇಕ ಬಾರಿ ಅವರು ಆರಿಸಿರುವುದು ಎತ್ತರವನ್ನು. ಇಂದು ಬಿಟ್ಟು ಹೋದವಳು ಎರಡು ವರ್ಷಗಳಲ್ಲಿ ಹೇಗಾಗುವಳೆಂದು ಬಲ್ಲವರು ಯಾರು? ಅಷ್ಟರಲ್ಲಿ ಅವಳು ಆಟವನ್ನೇ ಬಿಟ್ಟಿರುತ್ತಾಳೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಂಡದಲ್ಲಿರುವವರಿಗೆ ಮಾತ್ರ ಎಂದು ಹೇಳಿಲ್ಲ.

ಪ್ರವಾದಿ ಮುಹಮ್ಮದ್(ಸ) ಮದೀನಾದಲ್ಲಿ ಕುದುರೆ ಓಟ ಏರ್ಪಡಿಸಿದ್ದನ್ನು ಇಬ್ನು ಉಮರ್(ರ) ವರದಿ ಮಾಡಿದ್ದಾರೆ. ಬುಖಾರಿಯಲ್ಲಿದೆ. ಓಟಕ್ಕೆಂದೇ ತಯಾರು ಮಾಡಿದ ಕುದುರೆಗಳಿಗೆ ಹಫ್ಯಾದಿಂದ ಸನಿಯ್ಯತುಲ್ ವದಾವರೆಗೆ ಐದಾರು ಮೈಲಿಯ ಓಟ. ಹಾಗೆ ತಯಾರಾಗದ ಕುದುರೆಗಳಿಗೆ ಸನಿಯ್ಯದಿಂದ ಬನೂ ಝುರೈಕ್ ಮಸೀದಿವರೆಗೆ ಸುಮಾರು ಒಂದು ಮೈಲಿ. ಅವುಗಳನ್ನು ಲಾಯದಲ್ಲಿ ಕಟ್ಟಿ ಬರಲಿಲ್ಲ, ಅವುಗಳಿಗೆ ತಕ್ಕ ಓಟವನ್ನಿಟ್ಟರು. ನಮ್ಮ ಮಕ್ಕಳಿಗೆ ಅಷ್ಟೂ ಬೇಡವೇ? ಇನ್ನು ಹೆಣ್ಣು ಮಕ್ಕಳಿಗೇಕೆ ಆಟ ಎನ್ನುವವರಿಗೆ, ಆಯಿಶಾ(ರ) ಪ್ರವಾದಿಯವರೊಂದಿಗೆ(ಸ) ಓಟದಲ್ಲಿ ಸ್ಪರ್ಧಿಸಿ ಒಮ್ಮೆ ಗೆದ್ದು, ವರ್ಷಗಳ ನಂತರ ಇನ್ನೊಮ್ಮೆ ಸೋತ ವರದಿ ಅಬೂದಾವೂದ್‌ನಲ್ಲಿದೆ.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ದೈಹಿಕ ಶಿಕ್ಷಕರಿಲ್ಲದ ಶಾಲೆಗಳು ಎಷ್ಟೋ ಇವೆ, ಒಪ್ಪೋಣ. ಆದರೂ ವಾರಕ್ಕೆರಡು ಸಂಜೆ ತರಗತಿ ತರಗತಿಗಳ ನಡುವೆ ಖೋಖೋ, ಲಗೋರಿ ಆಡಿಸಬಹುದಲ್ಲ? ಸರಕಾರಿ ಶಾಲೆಯಾದರೆ ಶಾಲಾಭಿವೃದ್ಧಿ ಸಮಿತಿಯಲ್ಲಿ ಹೆತ್ತವರೇ ಇರುತ್ತಾರೆ. ಮುಂದಿನ ಸಭೆಯಲ್ಲಿ ಅಂಕಪಟ್ಟಿಗೆ ಸಹಿ ಹಾಕಿ ಎದ್ದು ಬರಬೇಡಿ. ಆಯ್ಕೆಯಾಗದ ಮಕ್ಕಳು ಯಾವ ದಿನ, ಎಷ್ಟು ಹೊತ್ತಿಗೆ ಆಡುತ್ತಾರೆಂದು ಕೇಳಿ.

ಅಲ್ಲಿಯವರೆಗೆ, ಅಸರ್ ನಮಾಝ್ ಮುಗಿಸಿ ಅಂಗಳದಲ್ಲಿ ನೀವೇ ಅವಳೊಂದಿಗೆ ಚೆಂಡೆಸೆಯಬಹುದು. ನೆಟ್ ಬೇಕೆಂದಿಲ್ಲ, ಬಟ್ಟೆ ಒಣಹಾಕುವ ಹಗ್ಗವೇ ಸಾಕು.