ಹಿಂದಿನ ಗಾಲಿ ಚಿಕ್ಕದಾದರೆ

ರಜೆಯಲ್ಲಿ ನಾನು ದುಡಿಯುವ ಸೈಕಲ್ ಅಂಗಡಿಯಲ್ಲಿ, ಬೆಟ್ಟ ಹತ್ತುವ ವಿದ್ಯುತ್ ಸೈಕಲ್ಲಿಗೆ ಚಿಕ್ಕ ಹಿಂಗಾಲಿ ಹಾಕಬಹುದೇ ಎಂದು ಕೇಳುವವರುಂಟು. ಹಾಕಬಹುದು, ಆದರೆ ಲಾಭದೊಡನೆ ತೊಡಕೂ ಇದೆ.

29 ಅಂಗುಲದ ಗಾಲಿಯಲ್ಲಿ ಟೈರು ಕೂರುವ ವ್ಯಾಸ 622 ಮಿ.ಮೀ.; 27.5 ಅಂಗುಲದ್ದರಲ್ಲಿ 584. ಟೈರಿನ ದಪ್ಪ ಒಂದೇ ಆದರೆ ಹಿಂದಿನ ಅಚ್ಚು 19 ಮಿ.ಮೀ. ತಗ್ಗುವುದು. ಕಡಿದಾದ ಇಳಿಜಾರಿನಲ್ಲಿ ಸವಾರನು ಹಿಂದಕ್ಕೆ ಸರಿಯಲು ಇದರಿಂದ ಅನುಕೂಲ. ಆದರೆ ಪೆಡಲೂ ಸುಮಾರು 12 ಮಿ.ಮೀ. ಇಳಿದು ಕಲ್ಲಿಗೆ ತಗಲುವ ಭಯವುಂಟು.

ಮೋಟಾರು ವೇಗವನ್ನು ಎಣಿಸುವುದು ಗಾಲಿಯ ಸುತ್ತುಗಳಿಂದ. ಹಳೆಯ ಸುತ್ತಳತೆಯೇ ಅದರಲ್ಲಿ ಉಳಿದರೆ, ಗಂಟೆಗೆ 25 ಕಿ.ಮೀ. ವರೆಗೆ ದೊರೆಯಬೇಕಾದ ನೆರವು 24 ಮುಟ್ಟುವ ಮೊದಲೇ ನಿಲ್ಲುವುದು. ಆದುದರಿಂದ ಹೊಸ ಅಳತೆಯನ್ನು ಅದರಲ್ಲಿ ತುಂಬಿಸಬೇಕು. ಕಲ್ಲುದಾರಿಯ ಸವಾರರು ಹಣ ತೆರುವ ಮುನ್ನ ಪೆಡಲಿನ ಎತ್ತರವನ್ನು ಅಳೆದು ನೋಡಲಿ.